ಕೈಗೆ ಕೊಡಬಾರದ ಹೆರಳೆಕಾಯಿ

ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಯಾವಾಗಲೂ ಒಂದು ಲಿಂಬೆಹುಳಿ ಇರುತ್ತದೆ. ಘಟ್ಟದ ಮೇಲಿನವರು ಇದನ್ನು ನಿಂಬೆಹಣ್ಣು ಎನ್ನುತ್ತಾರೆ. ನಮಗೆ ಅದು ಹಣ್ಣಲ್ಲ, ಹುಳಿ. ಮೊನ್ನೆ ಮಂಗಳೂರಿನ ಒಂದು ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ಬ್ಯಾಗು ತಪಾಸಣೆ ಮಾಡುವ ಹುಡುಗಿ ಝಿಪ್ ಎಳೆದವಳೇ ಒಂದು ಹೆಜ್ಜೆ ಹಿಂದೆ ಸರಿದಳು.

"ಇದು ಎಂತ ಅಮ್ಮ?"

"ಲಿಂಬೆಹುಳಿ."

"ಅದು ಗೊತ್ತಾಯ್ತು. ಎಂತಕ್ಕೆ?"

"ಊಟಕ್ಕೆ" ಎಂದೆ. ಅವಳು ನಂಬಲಿಲ್ಲ. ಒಳಗೆ ನಾವು ಸೀರೆ ನೋಡುವಷ್ಟು ಹೊತ್ತೂ ಇಬ್ಬರು ನಮ್ಮ ಹಿಂದೆಯೇ ಸುಳಿಯುತ್ತಿದ್ದರು. ನಾನು ಯಾವ ಮೂಲೆಯಲ್ಲಿ ಆ ಲಿಂಬೆಹುಳಿ ಇಟ್ಟು ಅಂಗಡಿಯನ್ನು ಮುಳುಗಿಸುತ್ತೇನೋ ಎಂಬ ಭಯ ಅವರಿಗೆ. ನಮ್ಮವರು ನನ್ನ ಕಿವಿಯ ಹತ್ತಿರ ಬಾಗಿ, "ನಿನ್ನನ್ನು ಮಾಟ ಮಾಡುವವಳು ಅಂತ ತಿಳಿದಿದ್ದಾರೆ" ಎಂದರು. ಇಷ್ಟು ವರ್ಷ ತಾವು ಹೇಳಲು ಧೈರ್ಯ ಮಾಡದ ಮಾತನ್ನು ಬೇರೆಯವರ ಹೆಸರಿನಲ್ಲಿ ಹೇಳಿದ ಸಂತೋಷ ಅವರ ಮುಖದಲ್ಲಿತ್ತು.

ನಾನು ಮಾಟಗಾತಿಯಲ್ಲ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾಗಿ, ಬಿ.ಸಿ. ರೋಡಿನ ಹತ್ತಿರ ಗಂಡನನ್ನೂ ತಾಯಿಯನ್ನೂ ನೋಡಿಕೊಂಡಿರುವ ಹೆಂಗಸು. ಸಿಟ್ಟು ಸ್ವಲ್ಪ ಮೂಗಿನ ತುದಿಯಲ್ಲಿದೆ, ಒಪ್ಪುತ್ತೇನೆ. ಆದರೆ ಆ ಸಿಟ್ಟಿಗೆ ಕಾರಣ ನಾನಲ್ಲ, ಹೋಟೆಲಿನವರು. ನೀವು ಪ್ರಯಾಣದಲ್ಲಿ ಹೋಟೆಲಿಗೆ ಹೋಗುವವರಾದರೆ ಈ ಸಿಟ್ಟು ನಿಮಗೂ ಇರಬೇಕು. ಇಲ್ಲದಿದ್ದರೆ ಇವತ್ತಿನಿಂದ ಇರಲಿ.

ಚಿತ್ರಾನ್ನ ಉಂಟಾ ಎಂದು ಕೇಳಿ ನೋಡಿ, ಇಲ್ಲ ಎನ್ನುತ್ತಾರೆ. ಲೆಮನ್ ರೈಸ್ ಎಂದರೆ ತರುತ್ತಾರೆ. ಗೋಡೆಗೆ ಬಳಿಯಬಹುದಾದಷ್ಟು ಹಳದಿ, ಹುಳಿ ಎಲ್ಲಿದೆ ಎಂದು ಹುಡುಕಬೇಕು. ತಟ್ಟೆಯ ಬದಿಯಲ್ಲಿ ನೀರುಳ್ಳಿಯ ಜೊತೆ ಒಂದು ಲಿಂಬೆಯ ತುಂಡು ಇಟ್ಟಿರುತ್ತಾರೆ. ಅದನ್ನು ಕಾಗದದಷ್ಟು ತೆಳ್ಳಗೆ, ದುಂಡಗೆ ಕೊಯ್ದಿರುತ್ತಾರೆ. ಅದನ್ನು ಹಿಂಡುವುದು ಹೇಗೆ? ನೋಡಿ ಆನಂದಪಡುವುದಕ್ಕೆ ನಾವು ಅಲ್ಲಿಯ ತನಕ ಹಸಿದುಕೊಂಡು ಹೋಗಬೇಕೇ? ಶರಬತ್ತು ಕೇಳಿದರೆ ಬಾಟಲಿಯಿಂದ ಹಸಿರು ನೀರು ಬಗ್ಗಿಸಿ, ಮೇಲೆ ಪುದೀನ ಸೊಪ್ಪು ತೇಲಿಸಿ, ಇನ್ನೊಂದು ಹೆಸರಿಟ್ಟು ಕೊಡುತ್ತಾರೆ. ಇದನ್ನೆಲ್ಲ ನಮ್ಮವರು ಹೊಗಳಿಕೊಂಡು ತಿನ್ನುತ್ತಾರೆ ಎನ್ನುವುದು ನನ್ನ ಹೊಟ್ಟೆಯುರಿಯ ಇನ್ನರ್ಧ. ಮನೆಯಲ್ಲಿ ಎಂಥ ಸಾರು ಮಾಡಿದರೂ ಇವರ ಬಾಯಿಂದ ಬರುವುದು ಒಂದು "ಹ್ಞೂಂ". ಹೋಟೆಲಿನಲ್ಲಿ ಮಾತ್ರ ಬಡಿಸುವವನ ಹೆಸರು ಕೇಳಿ, ಊರು ಕೇಳಿ, ಬೆನ್ನು ತಟ್ಟುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಲ್ಲ.

ಎಲ್ಲರನ್ನೂ ಬಯ್ಯಬಾರದು. ಕನ್ಯಾನದಾಚೆ, ಕೇರಳದ ಗಡಿಯ ಹತ್ತಿರ, ತಗಡಿನ ಮಾಡಿನ ಒಂದು ಊಟದ ಹೋಟೆಲಿಗೆ ಒಮ್ಮೆ ಹೋಗಿದ್ದೆವು. ಅಲ್ಲಿ ಮೇಜಿನ ಮೇಲೆ ಒಂದು ಬುಟ್ಟಿ ತುಂಬ ಲಿಂಬೆಹುಳಿ, ಪಕ್ಕದಲ್ಲಿ ಒಂದು ಪೀಶಕತ್ತಿ. ಬಂಗುಡೆ ಕಾಯಿಸಿ ತಂದಿಟ್ಟ ಹೆಂಗಸು, "ಎಷ್ಟು ಬೇಕೋ ಕೊಯ್ದುಕೊಳ್ಳಿ" ಎಂದು ಹೇಳಿ ಹೋದಳು. ಅಂಥ ಊಟ ಇನ್ನೊಂದು ಮಾಡಿಲ್ಲ. ಆದರೆ ಬಯ್ಯಲು ಏನೂ ಸಿಗದೆ ಆವತ್ತು ದಾರಿಯುದ್ದಕ್ಕೂ ನನಗೆ ಏನೋ ಕಳೆದುಕೊಂಡ ಹಾಗಾಗಿತ್ತು.

ಈ ಹುಳಿಯ ಹುಚ್ಚು ನನಗೆ ಹತ್ತಿದ್ದು ವಿಟ್ಲದಲ್ಲಿ. ಅಪ್ಪ ಅಲ್ಲಿಯ ಜವುಳಿ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೆಲಸದಲ್ಲಿದ್ದರು. ಬಾಡಿಗೆ ಮನೆಯ ಹಿಂದೆ ಒಂದು ಹೆರಳೆ ಮರ. ಹೆರಳೆಕಾಯಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಲಿಂಬೆಹುಳಿಯ ದೊಡ್ಡಪ್ಪ: ಗಾತ್ರದಲ್ಲಿ ದೊಡ್ಡದು, ಸಿಪ್ಪೆ ಒರಟು, ಹುಳಿಯ ಹಿಂದೆಯೇ ಒಂದು ಕಹಿ. ಶಾಲೆಯಿಂದ ಬಂದು ನಾನೂ ಅಕ್ಕ ಸುಶೀಲಳೂ ಅದನ್ನು ಕೊಯ್ದು, ಉಪ್ಪು, ಮೆಣಸಿನ ಪುಡಿ, ಎರಡು ಹನಿ ತೆಂಗಿನೆಣ್ಣೆ ಹಾಕಿ ಬಾಳೆಲೆಯ ತುಂಡಿನ ಮೇಲೆ ಕಲಸಿ ತಿನ್ನುತ್ತಿದ್ದೆವು. ಹಲ್ಲು ಜುಮ್ಮೆಂದು, ರಾತ್ರಿ ಅನ್ನ ಅಗಿಯಲಾಗದೆ ಅಮ್ಮನಿಂದ ಬೈಗುಳ ತಿನ್ನುತ್ತಿದ್ದೆವು. ದೊಡ್ಡ ಪಾಲು ಯಾವಾಗಲೂ ಅಕ್ಕನಿಗೆ. ಕಾರಣ ಕೇಳಿದರೆ, "ನಾನು ಅಕ್ಕ" ಎನ್ನುತ್ತಿದ್ದಳು. ಈ ಕಾರಣವನ್ನು ಅವಳು ಇವತ್ತಿಗೂ ಬಳಸುತ್ತಾಳೆ.

ಅಮ್ಮ ಹಿಂಡಿದ ಸಿಪ್ಪೆಯನ್ನೂ ಬಿಸಾಡುತ್ತಿರಲಿಲ್ಲ. ಅದರಲ್ಲಿ ತಾಮ್ರದ ಚೆಂಬು ಉಜ್ಜುತ್ತಿದ್ದಳು, ಆಮೇಲೆ ಅದೇ ಸಿಪ್ಪೆಯಲ್ಲಿ ನಮ್ಮ ಮೊಣಕೈ ಉಜ್ಜುತ್ತಿದ್ದಳು. ಚೆಂಬು ಹೊಳೆಯಿತು, ನನ್ನ ಮೊಣಕೈ ಇಂದಿಗೂ ಹಾಗೆಯೇ ಇದೆ. ಸಾರಿಗೆ ಲಿಂಬೆಹುಳಿ ಹಿಂಡುವುದಿದ್ದರೆ ಒಲೆಯಿಂದ ಇಳಿಸಿದ ಮೇಲೆಯೇ, ಕುದಿಯುವಾಗ ಹಿಂಡಿದರೆ ಕಹಿಯಾಗುತ್ತದೆ. ಇನ್ನೊಂದು ಕಟ್ಟುನಿಟ್ಟು: ಉಪ್ಪು, ಮೆಣಸು, ಲಿಂಬೆಹುಳಿ ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ. ನೆರೆಮನೆಯವರು ಒಂದು ಹುಳಿ ಕೇಳಲು ಬಂದರೆ ಅಮ್ಮ ಅದನ್ನು ಜಗಲಿಯ ಮೇಲೆ ಇಟ್ಟು ಕೈ ಹಿಂದೆಗೆಯುತ್ತಿದ್ದಳು, ಅವರು ಅಲ್ಲಿಂದ ಎತ್ತಿಕೊಳ್ಳುತ್ತಿದ್ದರು. ಹೆರಳೆಕಾಯಿಗೂ ಅದೇ ನಿಯಮ. ಜಾತಿ ಒಂದೇ ತಾನೇ.

ಅಕ್ಕನನ್ನು ಬೆಳುವಾಯಿಗೆ ಕೊಟ್ಟದ್ದು. ಮದುವೆಯಾಗಿ ಹೋಗುವಾಗ ಅವಳ ಪೆಟ್ಟಿಗೆಯಲ್ಲಿ ವಿಟ್ಲದ ಹೆರಳೆಯ ಬೀಜಗಳ ಒಂದು ಪೊಟ್ಟಣ ಇತ್ತು. ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಕಟ್ಟಿಕೊಟ್ಟವಳು ನಾನು. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅದರಲ್ಲಿ ಒಂದು ಬೀಜ ಬೆಳುವಾಯಿಯ ಹಿತ್ತಿಲಲ್ಲಿ ಮರವಾಯಿತು. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಒಂದು ಚೀಲ ಹೆರಳೆಕಾಯಿ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ನನಗೆ ಬರುತ್ತಿತ್ತು. ಅಕ್ಕ ಚೀಲವನ್ನು ಕಂಡಕ್ಟರ್ ದಿನೇಶನ ಕೈಗೆ ಕೊಡುವವಳಲ್ಲ. ಡ್ರೈವರನ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಇಡುವವಳು. ಬಿ.ಸಿ. ರೋಡಿನಲ್ಲಿ ನಾನು ಬಸ್ಸು ಹತ್ತಿ ಅಲ್ಲಿಂದಲೇ ಎತ್ತಿಕೊಳ್ಳುವವಳು. ದಿನೇಶನಿಗೂ ಅಭ್ಯಾಸವಾಗಿ, "ನಾನು ಮುಟ್ಟಲಿಲ್ಲ, ಅಲ್ಲೇ ಉಂಟು, ತೆಗೊಳ್ಳಿ" ಎನ್ನುತ್ತಿದ್ದ. ಇಷ್ಟು ಜಾಗ್ರತೆ ಮಾಡಿದ ನಾವು ಕೊನೆಗೆ ಮುಗ್ಗರಿಸಿದ್ದು ಒಂದು ಹೋಟೆಲಿನಲ್ಲಿ.

ಎರಡೂ ಮನೆಯವರು ಸೇರಿ ಒಂದು ವ್ಯಾನು ಮಾಡಿ ಮೈಸೂರಿಗೆ ಹೊರಟಿದ್ದೆವು. ಹಾಸನ ದಾಟಿದ ಮೇಲೆ ಹೆದ್ದಾರಿಯ ಬದಿಯಲ್ಲಿ ಕಾರಂಜಿಯೆಲ್ಲ ಇರುವ ಹೋಟೆಲು. ಸಾರು ಸಪ್ಪೆ. ಬ್ಯಾಗಿನಲ್ಲಿ ಹುಳಿ ಇಟ್ಟುಕೊಳ್ಳುವ ಅಭ್ಯಾಸ ನನಗೆ ಆಗ ಇರಲಿಲ್ಲ. ಅಮ್ಮ ಲಿಂಬೆಹುಳಿ ಕೇಳಿದಳು. ಬಡಿಸುವವನು, "ಖಾಲಿ ಆಗಿದೆ ಅಜ್ಜಿ" ಎಂದ. ಸರಿ, ಇಲ್ಲದ್ದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ ಎಂದು ಸುಮ್ಮನಾದೆವು. ಉಳಿದವರದ್ದು ಮುಗಿಯುತ್ತ ಬಂದು, ನಿಧಾನವಾಗಿ ಉಣ್ಣುವ ಅಮ್ಮನ ಅರ್ಧ ಊಟ ಇನ್ನೂ ಬಾಕಿ ಇರುವಾಗ, ಅದೇ ಮನುಷ್ಯ ಕೈ ತೊಳೆಯಲು ಬಿಸಿನೀರಿನ ಬಟ್ಟಲುಗಳನ್ನು ತಂದಿಟ್ಟ. ಒಂದೊಂದರಲ್ಲೂ ಅರ್ಧರ್ಧ ಲಿಂಬೆಹುಳಿ ತೇಲುತ್ತಿತ್ತು.

ಊಟಕ್ಕೆ ಇಲ್ಲದ ಹುಳಿ ಕೈ ತೊಳೆಯುವುದಕ್ಕೆ ಉಂಟು. ನನ್ನ ಮೈಯೆಲ್ಲ ಉರಿದುಹೋಯಿತು. ಮ್ಯಾನೇಜರನನ್ನು ಕರೆಯಿರಿ ಎಂದು ನಾನು ಎದ್ದು ನಿಲ್ಲುವಷ್ಟರಲ್ಲಿ ಅಮ್ಮ ಬಟ್ಟಲಿನಿಂದ ಹುಳಿಯನ್ನು ಎತ್ತಿ, ನೀರು ಝಾಡಿಸಿ, ತನ್ನ ಸಾರನ್ನಕ್ಕೆ ಹಿಂಡಿ, ಉಣ್ಣತೊಡಗಿಯಾಗಿತ್ತು. ಪಕ್ಕದ ಮೇಜಿನವರು ನೋಡಿದರು. ಅಮ್ಮ ಅವರನ್ನು ನೋಡಲಿಲ್ಲ.

"ಲಾಯ್ಕ ಆಯ್ತು ಈಗ" ಎಂದಳು.

ಅಕ್ಕನಿಗೆ ಬಾಯಲ್ಲಿ ನೀರೂರಿತು. ಅವಳ ತಟ್ಟೆಯಲ್ಲಿ ಸ್ವಲ್ಪ ಮೊಸರನ್ನ ಉಳಿದಿತ್ತು, ಅವಳ ಬಟ್ಟಲಿನಲ್ಲಿ ಭಾವ ಆಗಲೇ ಕೈ ತೊಳೆದಾಗಿತ್ತು. "ಸರೂ, ನಿನ್ನ ಬಟ್ಟಲಿಂದ ಒಂದು ಕೊಡು" ಎಂದು ಕೈ ಚಾಚಿದಳು. ಸಿಟ್ಟಿನ ಭರದಲ್ಲಿದ್ದ ನಾನು ಹುಳಿಯನ್ನು ತೆಗೆದು ಸೀದಾ ಅವಳ ಅಂಗೈಯಲ್ಲಿಟ್ಟೆ. ಅಮ್ಮನ ಕೈ ತುತ್ತಿನ ಸಮೇತ ನಿಂತಿತು.

"ಕೈಗೆ ಕೊಟ್ಟೆಯಾ?"

"ನೀರಲ್ಲಿ ನೆನೆದದ್ದು ಅಮ್ಮ. ಲೆಕ್ಕಕ್ಕಿಲ್ಲ" ಎಂದಳು ಅಕ್ಕ.

"ಲಿಂಬೆಹುಳಿ ಲಿಂಬೆಹುಳಿಯೇ" ಎಂದಳು ಅಮ್ಮ.

ಆಮೇಲೆ ಆದದ್ದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ನಾನು ಹೇಳುವುದಿಲ್ಲ. ಹುಳಿಯ ಮಾತು ಹೆರಳೆಕಾಯಿಗೆ ತಿರುಗಿತು. ಅಕ್ಕ ಎಲ್ಲರೆದುರು, "ನಮ್ಮ ಸರು ಮಾಡುವ ಹೆರಳೆ ಗೊಜ್ಜು ಉಂಟಲ್ಲ, ಸಿಪ್ಪೆ ಸಮೇತ ಬೇಯಿಸ್ತಾಳೆ ಮಾರಾಯ್ರೆ. ಕಷಾಯ ಕುಡಿದ ಹಾಗಾಗ್ತದೆ" ಎಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ನಮ್ಮವರು.

"ನಿನ್ನದು ಗೊಜ್ಜಲ್ಲ ಅಕ್ಕ, ಪಾಯಸ" ಎಂದೆ. "ಸಿಪ್ಪೆ ತೆಗೆದು, ಅಚ್ಚು ಬೆಲ್ಲ ಸುರಿದು ಮಾಡುವುದಕ್ಕೆ ಹೆರಳೆಕಾಯಿ ಯಾಕೆ ಬೇಕು? ಅಮ್ಮ ಸಿಪ್ಪೆ ಸಮೇತವೇ ಮಾಡ್ತಿದ್ದದ್ದು."

"ಅಮ್ಮ ಸಿಪ್ಪೆ ತೆಗೀತಿದ್ದಳು. ನಿನಗೆಂತ ಗೊತ್ತು, ನೀನು ಸಣ್ಣವಳು."

ಇಬ್ಬರೂ ಅಮ್ಮನ ಕಡೆ ತಿರುಗಿದೆವು. ಅಮ್ಮ ತಟ್ಟೆ ಬಳಿದು ಮುಗಿಸಿ, "ನನಗೆ ನೆನಪಿಲ್ಲ. ಈ ಸಾರು ಒಳ್ಳೆದಿತ್ತು" ಎಂದಳು. ನಾವು ಮನೆಯಲ್ಲಿ ಆಡುವುದು ತುಳು, ಜಗಳವೂ ತುಳುವಿನಲ್ಲಿಯೇ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅರ್ಧ ಖಾರ ಇಳಿದುಹೋಗಿದೆ. ಆ ದಿನದ ಖಾರ ಎಷ್ಟಿತ್ತೆಂದರೆ, ಮೈಸೂರಿನ ಅರಮನೆಯನ್ನು ನಾನು ಎಡಗಡೆಯಿಂದ ನೋಡಿದೆ, ಅಕ್ಕ ಬಲಗಡೆಯಿಂದ ನೋಡಿದಳು. ಅರಮನೆಯೊಳಗೆ ಏನಿತ್ತು ಎಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ.

ಆ ವರ್ಷ ಮಳೆ ಬಿಟ್ಟಿತು, ಚೀಲ ಬರಲಿಲ್ಲ. ನಾನು ಫೋನು ಮಾಡಲಿಲ್ಲ. ಅವಳೂ ಮಾಡಲಿಲ್ಲ. ಅಮ್ಮನ ಹತ್ತಿರ ಮಾತಾಡಲು ಅಕ್ಕ ಫೋನು ಮಾಡುತ್ತಿದ್ದುದು ನಾನು ಪೇಟೆಗೆ ಹೋಗುವ ಹೊತ್ತು ನೋಡಿಕೊಂಡು. ಮುಂದಿನ ವರ್ಷವೂ ಚೀಲ ಇಲ್ಲ. "ಹೆರಳೆ ಗೊಜ್ಜು ತಿನ್ನದೆ ಬಾಯಿ ಕೆಟ್ಟುಹೋಯ್ತು" ಎಂದು ಅಮ್ಮ ಗೊಣಗಿದಳು. ಬಂಟ್ವಾಳ ಪೇಟೆಯಲ್ಲೆಲ್ಲ ಹುಡುಕಿ ಎಲ್ಲಿಂದಲೋ ಎರಡು ಕಾಯಿ ತಂದು ಮಾಡಿದೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು, "ಇದು ಆ ಮರದ್ದಲ್ಲ" ಎಂದಳು. ನನಗೆ ಅಳು ಬಂತು. ಅಕ್ಕ ಇಲ್ಲದೆಯೂ ಇರಬಲ್ಲೆ ಎಂದು ಎರಡು ವರ್ಷ ಬಿಗಿದುಕೊಂಡಿದ್ದವಳು, ಒಂದು ಕಾಯಿಗಾಗಿ ಅಡುಗೆಮನೆಯಲ್ಲಿ ನಿಂತು ಅತ್ತೆ. ಅತ್ತದ್ದಕ್ಕೆ ಮತ್ತೆ ಸಿಟ್ಟು ಬಂತು.

ಹೀಗಿರುವಾಗ ಮೀನಿನ ಅಂಗಡಿಯಲ್ಲಿ ದಿನೇಶ ಸಿಕ್ಕಿದ. ರಜೆಯಂತೆ. ಸಿದ್ಧಕಟ್ಟೆ ಬಸ್ಸಿನಲ್ಲಿ ಕಾಣುವುದೇ ಇಲ್ಲವಲ್ಲ ಎಂದೆ.

"ನಾನೀಗ ವೇಣೂರು ರೂಟ್ ಅಮ್ಮ. ಬೆಳುವಾಯಿ, ಮೂಡುಬಿದಿರೆ ಮೇಲಾಗಿ ಬೆಳ್ತಂಗಡಿಗೆ." ಅವನು ಬೂತಾಯಿಯ ಕಣ್ಣು ಪರೀಕ್ಷೆ ಮಾಡುತ್ತಲೇ ಹೇಳಿದ: "ನಿಮ್ಮ ಅಕ್ಕನ ಚೀಲ ಕೂಡ ಈಗ ನನ್ನ ಬಸ್ಸಿನಲ್ಲೇ ಹೋಗುದಲ್ವಾ, ಇಂಜಿನ್ ಮೇಲೆ. ಅಲ್ಲಿ ಹೋಟೆಲಿನವರು ಬಂದು ತೆಗೊಳ್ತಾರೆ."

"ಯಾವ ಹೋಟೆಲು?"

ಅವನು ಹೇಳಿದ. ನಾನು ಮೀನು ತೆಗೆದುಕೊಳ್ಳದೆ ಮನೆಗೆ ಬಂದೆ.

ನೀವೇ ಹೇಳಿ, ಇದನ್ನು ಸಹಿಸುವುದು ಹೇಗೆ? ಬೀಜ ಕಟ್ಟಿಕೊಟ್ಟವಳು ನಾನು. ಹೆತ್ತ ತಾಯಿ ಇಲ್ಲಿ ಬಾಯಿ ಕೆಟ್ಟು ಕುಳಿತಿದ್ದಾಳೆ. ನಮ್ಮ ವಿಟ್ಲದ ಹೆರಳೆಕಾಯಿ ಹೋಗಿ ಹೋಗಿ ಹೋಟೆಲಿಗೆ, ಲೆಮನ್ ರೈಸಿನವರ ಕೈಗೆ. "ನಾಳೆ ಬೆಳ್ತಂಗಡಿಗೆ ಹೋಗುವ" ಎಂದೆ. ಎಂತಕ್ಕೆ ಎಂದರು ಇವರು. "ಊಟಕ್ಕೆ" ಎಂದೆ. ಹೋಟೆಲಿನ ಊಟಕ್ಕೆ ನಾನಾಗಿ ಕರೆದದ್ದು ಅದೇ ಮೊದಲು. ಇವರು ಕಾರಣ ಕೇಳಿ ಅವಕಾಶ ಕಳೆದುಕೊಳ್ಳುವವರಲ್ಲ.

ಅಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ ಹೋದೆವು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಮಸೆಯುತ್ತಿದ್ದೆ. ಗೊಜ್ಜು ಹೇಗೂ ಅಕ್ಕನ ರೀತಿಯದ್ದೇ ಇರುತ್ತದೆ, ಸಿಪ್ಪೆ ಇಲ್ಲದ ಬೆಲ್ಲದ ಪಾಕ. ಒಂದು ಚಮಚ ತಿಂದು, ಇದನ್ನು ಯಾವ ಪುಣ್ಯಾತ್ಗಿತ್ತಿ ಹೇಳಿಕೊಟ್ಟದ್ದು ಎಂದು ನಾಲ್ಕು ಜನ ಕೇಳುವ ಹಾಗೆ ಕೇಳಬೇಕು ಎಂದುಕೊಂಡಿದ್ದೆ. ಅದು ಬಸ್ಸಿನಲ್ಲಿ ಬೆಳುವಾಯಿಗೆ ಮುಟ್ಟುತ್ತದೆ.

ಹೋಟೆಲು ಸಣ್ಣದು, ಶುಚಿಯಾಗಿತ್ತು. ಅದೂ ಒಂದು ಬೇಸರವೇ. ಎಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಬದಿಯಲ್ಲಿ ಒಂದು ಚಮಚ ಕಂದು ಬಣ್ಣದ ಗೊಜ್ಜು. ಅದರಲ್ಲಿ ಸಿಪ್ಪೆಯ ತುಂಡುಗಳು ಕಾಣುತ್ತಿದ್ದವು. ಬಾಯಿಗಿಟ್ಟೆ. ಮೊದಲು ಹುಳಿ, ಆಮೇಲೆ ಬೆಲ್ಲ, ಖಾರ, ಹುರಿದ ಎಳ್ಳು, ಎಲ್ಲ ಮುಗಿಯಿತು ಎನ್ನುವಾಗ ನಾಲಿಗೆಯ ಹಿಂಬದಿಯಲ್ಲಿ ಆ ಕಹಿ. ನನ್ನ ಗೊಜ್ಜು. ನಾನು ಮಾಡದೆ ಇರುವ ನನ್ನ ಗೊಜ್ಜು.

ಅಮ್ಮ ಎಲೆಯಿಂದ ತಲೆ ಎತ್ತಲಿಲ್ಲ. "ಸರೂ, ಇವತ್ತು ಸರಿಯಾಯ್ತು ನೋಡು ನಿನ್ನದು" ಎಂದಳು. ನಾವು ಹೋಟೆಲಿನಲ್ಲಿದ್ದೇವೆ ಎಂಬುದನ್ನು ಅವಳು ಮರೆತಿದ್ದಳು.

ಯಜಮಾನ ಬಂದು ಪಕ್ಕದಲ್ಲಿ ನಿಂತ. ಕೊಲ್ಲಿ ದೇಶದಿಂದ ವಾಪಸು ಬಂದು ಹೋಟೆಲು ಇಟ್ಟವನಂತೆ. ನಮ್ಮವರು ವಾಡಿಕೆಯಂತೆ ಹೊಗಳಲು ಶುರು ಮಾಡಿದರು.

"ಇದು ನಮ್ಮ ಬೆಳುವಾಯಿಯ ಸುಶೀಲಕ್ಕ ಕಲಿಸಿದ್ದು" ಎಂದ ಯಜಮಾನ. "ನನ್ನ ಹೆಂಡತಿಯ ಮನೆಯ ನೆರೆಯವರು. ಕಾಯಿಯೂ ಅವರದ್ದೇ. ಎರಡು ವರ್ಷ ಆಯ್ತು, ಕೊಳೆತುಹೋಗ್ತದೆ, ತಿನ್ನುವವರಿಲ್ಲ, ನೀವಾದ್ರೂ ಮಾಡಿ ಜನಕ್ಕೆ ಹಾಕಿ ಅಂತ ಕಳಿಸ್ತಾರೆ."

"ಅವರು ಸಿಪ್ಪೆ ತೆಗೀತಾರಲ್ಲ" ಎಂದೆ.

"ಅವರ ಮನೆಯಲ್ಲಿ ತೆಗೀತಾರೆ, ಅವರ ಗಂಡನಿಗೆ ಕಹಿ ಆಗುದಿಲ್ಲ. ನಮಗೆ ಮಾತ್ರ, ಸಿಪ್ಪೆ ತೆಗೆದ್ರೆ ಕಾಯಿ ಕಳಿಸುದಿಲ್ಲ ಅಂತ ಹೇಳಿದ್ದಾರೆ. ಅವರಿಗೊಬ್ಬಳು ತಂಗಿ ಇದ್ದಾಳಂತೆ ಬಂಟ್ವಾಳದಲ್ಲಿ. ತಾಯಿಯ ಕೈರುಚಿ ಬಂದದ್ದು ಅವಳಿಗೇ ಅಂತೆ. ಅವಳ ಹಾಗೇ ಆಗಬೇಕು ಅಂತ ಎರಡು ಸಲ ಇಲ್ಲಿಗೆ ಬಂದು ರುಚಿ ನೋಡಿ ಹೋಗಿದ್ದಾರೆ. ತುಂಬ ಸಿಟ್ಟಿನವಳಂತೆ ಆ ತಂಗಿ."

ನಮ್ಮವರು ನನ್ನ ಕಡೆ ಬೆರಳು ತೋರಿಸುವುದರೊಳಗೆ ನಾನು ಎಲೆ ಮಡಚಿ ಎದ್ದೆ.

ಸಮಾಧಾನ ಆಗಿರಬೇಕು ಎಂದು ನೀವು ಭಾವಿಸಬಹುದು. ಸಿಟ್ಟು ನೆತ್ತಿಗೇರಿತ್ತು. ಊರಿಗೆಲ್ಲ ಹೇಳುವ ಮಾತನ್ನು ನನಗೊಬ್ಬಳಿಗೆ ಹೇಳಲಿಕ್ಕೆ ಇವಳಿಗೆ ಏನಾಗಿತ್ತು? ನನ್ನ ಎದುರಿಗೆ ಕಷಾಯ, ನನ್ನ ಹಿಂದಿನಿಂದ ಕೈರುಚಿ. ಹೊಟ್ಟೆ ತುಂಬಿದವರಿಗೆಲ್ಲ ನನ್ನ ಗೊಜ್ಜು ಬಡಿಸಿ, ನನ್ನನ್ನು ಎರಡು ವರ್ಷ ಉಪವಾಸ ಹಾಕಿದ್ದಾಳೆ. "ಸೀದಾ ಬೆಳುವಾಯಿಗೆ ಹೋಗುವ" ಎಂದೆ. ವೇಣೂರು, ಮೂಡುಬಿದಿರೆ ದಾಟಿ ಹೋದೆವು. ಅಮ್ಮ ನಿದ್ದೆ ಮಾಡಿದ್ದಳು.

ಅಕ್ಕ ಹಿತ್ತಿಲಲ್ಲಿದ್ದಳು, ದೋಟಿ ಹಿಡಿದುಕೊಂಡು, ಆ ಮರದ ಅಡಿಯಲ್ಲೇ. ಮೊದಲಿಗಿಂತ ಬಡವಾಗಿದ್ದಳು. ನನ್ನನ್ನು ನೋಡಿ ದೋಟಿಯನ್ನು ಮರಕ್ಕೆ ಒರಗಿಸಿದಳು.

"ಬೆಳ್ತಂಗಡಿಯಲ್ಲಿ ಊಟ ಮಾಡಿ ಬಂದೆ" ಎಂದೆ.

ಅವಳಿಗೆ ಅರ್ಥವಾಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹೇಗಿತ್ತು?"

"ಬೆಲ್ಲ ಒಂದು ಚೂರು ಹೆಚ್ಚು."

"ನಾನೂ ಹೇಳಿದ್ದೆ. ಅವನು ಕೇಳುದಿಲ್ಲ."

ಕೆಳಗೆ ಬಿದ್ದಿದ್ದ ಕಾಯಿಗಳಲ್ಲಿ ಚೆನ್ನಾದದ್ದೊಂದನ್ನು ಹೆಕ್ಕಿ, ಒರೆಸಿ, ಅವಳು ವಾಡಿಕೆಯಂತೆ ಬಾವಿಕಟ್ಟೆಯ ಮೇಲೆ ಇಟ್ಟಳು. ಕೈ ಹಿಂದೆಗೆದಳು. ನಾನು ಎತ್ತಿಕೊಳ್ಳಲಿಲ್ಲ.

"ಕೈಗೆ ಕೊಡು" ಎಂದೆ.

"ಜಗಳ ಆಗ್ತದೆ ಮಾರಾಯ್ತಿ."

"ಆಗಲಿ. ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತು ನನಗೆ ಸಾಕಾಯ್ತು. ನಿನ್ನ ಹತ್ತಿರ ಜಗಳ ಆಡದೆ ನಾನು ಬೇರೆ ಯಾರ ಹತ್ತಿರ ಆಡುವುದು?"

ಅಕ್ಕ ಕಾಯಿಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟಳು. ಕೂಡಲೇ ಕೈ ತೆಗೆಯಲಿಲ್ಲ. ಆಮೇಲೆ ಚೀಲ ತಂದು, ಉಳಿದದ್ದನ್ನೆಲ್ಲ ಒಂದೊಂದಾಗಿ ನನ್ನ ಕೈಗೇ ಕೊಟ್ಟಳು. ಕಾರಿನಲ್ಲಿ ಎಚ್ಚರವಾಗಿ ಕುಳಿತಿದ್ದ ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು.

ಸಿದ್ಧಕಟ್ಟೆ ಮುಟ್ಟುವ ಮೊದಲೇ ನನ್ನ ಫೋನು ಹೊಡೆದುಕೊಂಡಿತು. "ಸರೂ, ಆ ಚೀಲ ಅಡಿಕೆಯದ್ದು, ವಾಪಸು ಕಳಿಸು. ಮತ್ತೆ ಬೀಜ ಎಲ್ಲ ಸರಿಯಾಗಿ ತೆಗಿ. ಹೋದ ಸಲ ನೀನು ಸರಿಯಾಗಿ ತೆಗೀಲಿಲ್ಲ, ಅದಕ್ಕೇ ಅಷ್ಟು ಕಹಿ ಆದದ್ದು."

"ನನಗೆ ಬೀಜ ತೆಗೆಯಲು ಕಲಿಸ್ತೀಯಾ? ನಿನ್ನ ಮರದ ಬೀಜ ಒಣಗಿಸಿ ಕಟ್ಟಿಕೊಟ್ಟದ್ದು ಯಾರು?" ಎಂದು ನಾನು ಶುರು ಮಾಡಿದೆ.

ನಮ್ಮವರು ಕಿಟಕಿಯ ಗಾಜು ಏರಿಸಿದರು. ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು:

"ಯಾರದ್ದು?"

"ಅಕ್ಕನದ್ದು."

"ಜಗಳವಾ?"

"ಹೌದು."

"ಹ್ಞೂಂ" ಎಂದು ಅಮ್ಮ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು.